ಎರಡನೇ ಬಸಿರು ನಿಲ್ಲುತ್ತಿಲ್ಲವೇ? ಹಳೆಯ ಡಿಸ್ಚಾರ್ಜ್ ಕಾಗದದಿಂದ ಶುರುಮಾಡಿ

ಮೊದಲ ಮಗು ಯಾವ ಔಷಧಿಯೂ ಇಲ್ಲದೆ ಆಗಿದ್ದವರಿಗೆ ಎರಡನೆಯದು ತಡವಾದರೆ ಮನೆಯಲ್ಲೂ, ಎಷ್ಟೋ ಸಲ ಕ್ಲಿನಿಕ್ಕಿನಲ್ಲೂ ಸಿಗುವ ಉತ್ತರ ಒಂದೇ: "ಒಂದು ಆಗಿದೆಯಲ್ಲ, ಇನ್ನೊಂದೂ ಆಗುತ್ತೆ ಬಿಡಿ." ಈ ಮಾತು ನಂಬಿಕೊಂಡು ಎರಡು ಮೂರು ವರ್ಷ ಕಳೆದುಕೊಂಡವರು ಬಹಳ ಮಂದಿ. ಮೊದಲ ಮಗು ಹೇಳುವುದು ಇಷ್ಟೇ: ಆ ವರ್ಷ, ಆ ವಯಸ್ಸಿನಲ್ಲಿ, ಇಬ್ಬರ ದೇಹವೂ ಸರಿಯಿತ್ತು. ಆಮೇಲೆ ಏನು ಬದಲಾಗಿದೆ ಎಂಬುದನ್ನು ಹುಡುಕಬೇಕು. ಹೆರಿಗೆ, ಹೆರಿಗೆಯ ನಂತರದ ನಂಜು, ಹಾಕಿಸಿಕೊಂಡ ಕಾಪರ್-ಟಿ, ಏರಿದ ತೂಕ, ಗಂಡನಿಗೆ ಬಂದ ಸಕ್ಕರೆ ಕಾಯಿಲೆ, ಇವೆಲ್ಲ ನಡುವಿನ ವರ್ಷಗಳಲ್ಲಿ ಆದದ್ದು.

ಎಷ್ಟು ದಿನ ಕಾಯಬೇಕು

ಹೆಂಡತಿಗೆ 35 ತುಂಬಿಲ್ಲದಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು, 40 ದಾಟಿದ್ದರೆ ಕಾಯುವುದೇ ಬೇಡ. ಈ ಲೆಕ್ಕ ಶುರುವಾಗುವುದು ಗರ್ಭನಿರೋಧಕ ಬಿಟ್ಟು, ಮುಟ್ಟು ಸರಿಯಾಗಿ ಬರತೊಡಗಿ, ಎರಡು ಮೂರು ದಿನಕ್ಕೊಮ್ಮೆ ದಂಪತಿ ಕೂಡುತ್ತಿರುವ ದಿನದಿಂದ. ಹೀಗೆ ಪ್ರಯತ್ನಿಸುವ ದಂಪತಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಒಂದು ವರ್ಷ ಎಂಬ ಗಡುವು ಬಂದದ್ದು ಅಲ್ಲಿಂದಲೇ.

ಇಲ್ಲೊಂದು ಸಂಕೋಚದ ವಿಷಯವಿದೆ. ಮೊದಲ ಮಗು ಹುಟ್ಟಿದ ಮೇಲೆ ಅದು ಅಪ್ಪ ಅಮ್ಮನ ನಡುವೆ ಮಲಗುತ್ತದೆ. ಒಬ್ಬರು ರಾತ್ರಿ ಪಾಳಿ, ಇನ್ನೊಬ್ಬರು ಬೆಳಗಿನ ಪಾಳಿ. "ಪ್ರಯತ್ನ ಮಾಡುತ್ತಿದ್ದೇವೆ" ಎನ್ನುವ ದಂಪತಿ ತಿಂಗಳಿಗೆ ನಿಜವಾಗಿ ಎಷ್ಟು ಸಲ ಕೂಡುತ್ತಾರೆ ಎಂದು ಎಣಿಸಿದರೆ ಒಮ್ಮೆಯೋ ಎರಡು ಸಲವೋ. ಇದು ಕಾಯಿಲೆಯಲ್ಲ, ಇದಕ್ಕೆ ಪರೀಕ್ಷೆಯೂ ಇಲ್ಲ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಪ್ರಾಮಾಣಿಕವಾಗಿ ಗುರುತು ಹಾಕಿ ನೋಡಿ. ವಾರಕ್ಕೆ ಎರಡು ಸಲಕ್ಕಿಂತ ಕಡಿಮೆಯಾಗಿದ್ದರೆ ಮೊದಲು ಸರಿಪಡಿಸಬೇಕಾದ್ದು ಅದನ್ನೇ.

ಕೆಳಗಿನ ಯಾವುದಾದರೂ ಇದ್ದರೆ ವರ್ಷ ತುಂಬುವವರೆಗೆ ಕಾಯಬೇಡಿ: ಮುಟ್ಟು 21 ದಿನಕ್ಕಿಂತ ಬೇಗ ಅಥವಾ 35 ದಿನಕ್ಕಿಂತ ತಡವಾಗಿ ಬರುವುದು, ಹೆರಿಗೆಯ ಬಳಿಕ ಸ್ರಾವ ತೀರಾ ಕಡಿಮೆಯಾಗಿರುವುದು, ಹೊಸದಾಗಿ ಶುರುವಾದ ಮುಟ್ಟಿನ ನೋವು, ಹಿಂದೆ ಟ್ಯೂಬಿನಲ್ಲಿ (ಅಂಡವನ್ನು ಗರ್ಭಕೋಶಕ್ಕೆ ಸಾಗಿಸುವ ನಾಳ) ಗರ್ಭ ನಿಂತದ್ದು, ಎರಡು ಸಲ ಗರ್ಭ ಜಾರಿದ್ದು, ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದದ್ದು, ಗಂಡನ ವೃಷಣಕ್ಕೆ ಆಪರೇಷನ್ ಅಥವಾ ಪೆಟ್ಟು ಆಗಿದ್ದು.

ಹಳೆಯ ಕಾಗದ ಓದುವುದು ಹೇಗೆ

ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಕಾಗದ, ಸಿಸೇರಿಯನ್ ಆಗಿದ್ದರೆ ಆಪರೇಷನ್ ಟಿಪ್ಪಣಿ, ನಡುವೆ ಗರ್ಭಪಾತವಾಗಿದ್ದರೆ ಅದರ ಚೀಟಿ, ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ. ಕಳೆದಿದ್ದರೆ ಹೆರಿಗೆಯಾದ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಐಪಿ (ಒಳರೋಗಿ) ನಂಬರ್ ಮತ್ತು ದಿನಾಂಕ ಕೊಟ್ಟು ನಕಲು ಕೇಳಿ. ಡಾಕ್ಟರು ಓದುವ ಮೊದಲು ನೀವೇ ಓದಿ. ಆ ಎರಡು ಪುಟದಲ್ಲಿ ಹುಡುಕಬೇಕಾದ ಪದಗಳು ಕೆಲವೇ.

"ಮ್ಯಾನ್ಯುಯಲ್ ರಿಮೂವಲ್ ಆಫ್ ಪ್ಲಾಸೆಂಟಾ", "ರಿಟೈನ್ಡ್ ಬಿಟ್ಸ್", "ಡಿ ಅಂಡ್ ಸಿ", "ಚೆಕ್ ಕ್ಯೂರೆಟಾಜ್": ಮಾಸು ತಾನಾಗಿ ಬೀಳದೆ ಕೈಹಾಕಿ ತೆಗೆದಿದ್ದಾರೆ, ಇಲ್ಲವೇ ಆಮೇಲೆ ಗರ್ಭಕೋಶ ಕೆರೆದು ಕ್ಲೀನ್ ಮಾಡಿದ್ದಾರೆ ಎಂದರ್ಥ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಗರ್ಭಕೋಶದ ಗೋಡೆ ತೀರಾ ಮೆತ್ತಗಿರುತ್ತದೆ. ಆಗ ಕೆರೆದರೆ ಒಳಪದರ ಬುಡಸಮೇತ ಕಿತ್ತುಬಂದು ಎದುರುಬದುರಿನ ಗೋಡೆಗಳು ಅಂಟಿಕೊಳ್ಳಬಹುದು. ಮೊದಲು ನಾಲ್ಕು ದಿನ ಹೋಗುತ್ತಿದ್ದ ಮುಟ್ಟು ಈಗ ಒಂದೇ ದಿನ, ಒಂದು ಪ್ಯಾಡಿನಷ್ಟು ಎನ್ನುವವರು ಈ ಸಂಗತಿಯನ್ನು ಡಾಕ್ಟರಿಗೆ ತಪ್ಪದೇ ಹೇಳಬೇಕು. ಇದಕ್ಕೆ ಹಿಸ್ಟರೋಸ್ಕೋಪಿ ಬೇಕು, ಅಂದರೆ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಿ ಅಂಟನ್ನು ಬಿಡಿಸುವುದು. ಹೊಟ್ಟೆ ಮೇಲಿನ ಸ್ಕ್ಯಾನಿಂಗಿನಲ್ಲಿ ಈ ಅಂಟು ಕಾಣದೆ "ಎಲ್ಲ ನಾರ್ಮಲ್" ಎಂದು ಬರುವುದುಂಟು.

"ಪಿಪಿಎಚ್", "ಬ್ಲಡ್ ಟ್ರಾನ್ಸ್‌ಫ್ಯೂಷನ್": ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದೆ. ಆಮೇಲೆ ಎದೆಹಾಲೇ ಬರಲಿಲ್ಲ, ಮುಟ್ಟೂ ತಿರುಗಿ ಬರಲಿಲ್ಲ, ಸದಾ ಸುಸ್ತು ಮತ್ತು ಚಳಿ ಎಂದಿದ್ದರೆ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲದೆ ಹಾಳಾಗಿರುವ ಶಂಕೆ ಇರಬೇಕು. ಇದು ಅಪರೂಪ. ಆದರೆ ವರ್ಷಗಟ್ಟಲೆ "ರಕ್ತಹೀನತೆ" ಎಂದು ಕಬ್ಬಿಣದ ಮಾತ್ರೆ ನುಂಗಿಸುತ್ತಾ ಹೋಗುವುದು ಇಂಥ ಕಡೆಯೇ. ಇದಕ್ಕೆ ಎಂಡೋಕ್ರೈನಾಲಜಿ, ಅಂದರೆ ಹಾರ್ಮೋನು ನೋಡುವ ಡಾಕ್ಟರ ಬಳಿ ಹೋಗಬೇಕು.

"ಪಿಪಿಐಯುಸಿಡಿ": ಹೆರಿಗೆಯಾದ ಕೂಡಲೇ, ಅಥವಾ ಸಿಸೇರಿಯನ್ ಹೊಲಿಗೆ ಹಾಕುವ ಮೊದಲು, ಒಳಗೆ ಕಾಪರ್-ಟಿ ಇಟ್ಟಿದ್ದಾರೆ. ನೋವಿನ ಮಧ್ಯೆ ಸಹಿ ಹಾಕಿದ ನೆನಪು ಎಷ್ಟೋ ತಾಯಂದಿರಿಗೆ ಉಳಿದಿರುವುದಿಲ್ಲ. ಹೀಗೆ ಇಟ್ಟ ಕಾಪರ್-ಟಿಯ ದಾರ ಮೇಲೆಯೇ ಸುತ್ತಿಕೊಂಡು ಕೈಗೂ ಕಣ್ಣಿಗೂ ಸಿಗದೇ ಇರಬಹುದು. 380ಎ ನಮೂನೆ 10 ವರ್ಷ, 375 ನಮೂನೆ 5 ವರ್ಷ ಕೆಲಸ ಮಾಡುತ್ತದೆ. ಹೀಗಾಗಿ ಕಾಪರ್-ಟಿ ಒಳಗೇ ಕೂತಿರುವಾಗ ಗರ್ಭ ನಿಲ್ಲುತ್ತಿಲ್ಲವೆಂದು ಹರಕೆ ಹೊರುವುದೂ ನಡೆಯುತ್ತದೆ. ಕಾಗದದಲ್ಲಿ ಈ ಪದ ಕಂಡರೆ, ಅದನ್ನು ತೆಗೆಸಿದ ನೆನಪು ಇಲ್ಲದಿದ್ದರೆ, ಒಂದು ಸ್ಕ್ಯಾನಿಂಗ್ ಸಾಕು. ಸ್ಕ್ಯಾನಿಂಗಿನಲ್ಲಿ ಕಾಣದಿದ್ದರೆ "ಬಿದ್ದುಹೋಗಿದೆ" ಎಂದು ತೀರ್ಮಾನಿಸುವ ಮೊದಲು ಹೊಟ್ಟೆಯ ಎಕ್ಸ್-ರೇ ತೆಗೆಸಬೇಕು, ಏಕೆಂದರೆ ಅದು ಗರ್ಭಕೋಶ ದಾಟಿ ಹೊಟ್ಟೆಯೊಳಗೆ ಹೋಗಿರುವ ಸಾಧ್ಯತೆಯೂ ಇದೆ.

"ಫೀವರ್", "ವೂಂಡ್ ಇನ್ಫೆಕ್ಷನ್", "ಪ್ಯುರ್ಪೆರಲ್ ಸೆಪ್ಸಿಸ್": ನಮ್ಮಲ್ಲಿ ಬಾಣಂತಿ ನಂಜು ಎನ್ನುವುದು ಇದನ್ನೇ. ನಂಜು ಮೇಲೇರಿ ಟ್ಯೂಬುಗಳ ತುದಿ ಮುಚ್ಚಿರಬಹುದು. ವಾರಗಟ್ಟಲೆ ಜ್ವರ, ದುರ್ವಾಸನೆಯ ಸ್ರಾವ, ಕೆಳಹೊಟ್ಟೆ ನೋವು ಇದ್ದದ್ದು ನೆನಪಿದ್ದರೆ ಟ್ಯೂಬಿನ ಪರೀಕ್ಷೆಯನ್ನು ಮುಂದೂಡುವಂತಿಲ್ಲ.

ಸಿಸೇರಿಯನ್ ಆದವರಲ್ಲಿ ಇನ್ನೊಂದು ಗುರುತು: ಮುಟ್ಟು ನಿಂತ ಮೇಲೂ ಮೂರು ನಾಲ್ಕು ದಿನ ಕಂದುಬಣ್ಣದ ಕಲೆ. ಹೊಲಿಗೆ ಹಾಕಿದ ಜಾಗ ಒಳಮುಖವಾಗಿ ಗುಳಿಬಿದ್ದು ಅಲ್ಲಿ ಹಳೆಯ ರಕ್ತ ನಿಂತು ಒಸರುತ್ತಿರಬಹುದು. ಆ ಒಸರು ಗರ್ಭಕೋಶದೊಳಕ್ಕೂ ಇಳಿದು ಭ್ರೂಣ ಅಂಟದಂತೆ ಮಾಡಬಲ್ಲದು. ಇದನ್ನು ನೋಡಲು ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗೇ ಆಗಬೇಕು. "ಗುಳಿಯ ಮೇಲೆ ಉಳಿದಿರುವ ಗೋಡೆ ಎಷ್ಟು ಮಿಲಿಮೀಟರ್" ಎಂದು ಕೇಳಿ ಬರೆಸಿಕೊಳ್ಳಿ. ಅದನ್ನು ಕ್ಯಾಮೆರಾದಿಂದ ಸರಿಪಡಿಸಬಹುದೇ, ಹೊಟ್ಟೆಯ ಕಡೆಯಿಂದ ಹೊಲಿಯಬೇಕೇ ಎಂಬುದು ಆ ಅಂಕಿಯ ಮೇಲೆ ನಿಂತಿದೆ.

ರಕ್ತದ ಗುಂಪು ನೆಗೆಟಿವ್ ಆಗಿರುವುದರಿಂದಲೇ ಗರ್ಭ ನಿಲ್ಲುತ್ತಿಲ್ಲ ಎಂಬ ಮಾತು ತಪ್ಪು. ಆರ್‌ಎಚ್ ನೆಗೆಟಿವ್ ತಾಯಿ ಮೊದಲ ಹೆರಿಗೆಯ ನಂತರ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ತೆಗೆದುಕೊಂಡಿರದಿದ್ದರೆ ಮುಂದಿನ ಗರ್ಭದಲ್ಲಿ ಮಗುವಿಗೆ ತೊಂದರೆಯಾಗಬಹುದು, ಗರ್ಭ ನಿಲ್ಲುವುದಕ್ಕಲ್ಲ.

ಗರ್ಭನಿರೋಧಕ ಮತ್ತು ಎದೆಹಾಲು

ಕಾಪರ್-ಟಿ ತೆಗೆಸಿದರೆ ಮುಂದಿನ ತಿಂಗಳಿಂದಲೇ ಗರ್ಭ ನಿಲ್ಲಬಹುದು. ಮಾಲಾ-ಎನ್‌ನಂಥ ದಿನದ ಮಾತ್ರೆ ಬಿಟ್ಟ ಮೇಲೆ ಒಂದೆರಡು ತಿಂಗಳು ಮುಟ್ಟು ಏರುಪೇರಾಗಿ ಸರಿಹೋಗುತ್ತದೆ. ಗೊಂದಲ ಹುಟ್ಟಿಸುವುದು ಅಂತರಾ ಚುಚ್ಚುಮದ್ದು. ಮೂರು ತಿಂಗಳಿಗೊಮ್ಮೆ ಕೊಡುವ ಆ ಔಷಧಿ ದೇಹದಿಂದ ನಿಧಾನವಾಗಿ ಇಳಿಯುವುದರಿಂದ ಕೊನೆಯ ಚುಚ್ಚುಮದ್ದಿನ ದಿನದಿಂದ ಗರ್ಭ ನಿಲ್ಲಲು 7ರಿಂದ 10 ತಿಂಗಳು ಬೇಕಾಗುವುದು ಸಹಜ, ಕೆಲವರಿಗೆ ಇನ್ನೂ ಹೆಚ್ಚು. ಇದು ಶಾಶ್ವತ ಬಂಜೆತನವಲ್ಲ. ಚುಚ್ಚುಮದ್ದು ನಿಲ್ಲಿಸಿ ಐದೇ ತಿಂಗಳಾಗಿದ್ದರೆ ಸಾವಿರಾರು ರೂಪಾಯಿಯ ಪರೀಕ್ಷೆಗೆ ಓಡುವ ಅಗತ್ಯವಿಲ್ಲ.

ಎದೆಹಾಲು ಕುಡಿಸುತ್ತಿರುವಾಗ ಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿರುತ್ತದೆ, ಅಂಡ ಬಿಡುವುದು ತಡೆಯುತ್ತದೆ. ಮುಖ್ಯವಾಗಿ ರಾತ್ರಿಯ ಹಾಲು. ಮುಟ್ಟು ತಿರುಗಿ ಬಂದು ಕ್ರಮವಾಗಿದ್ದರೆ ಹಾಲು ಬಿಡಿಸಬೇಕಿಲ್ಲ. ಮುಟ್ಟು ಬಂದಿಲ್ಲ, ಮಗುವಿಗೆ ಒಂದೂವರೆ ಎರಡು ವರ್ಷವಾಗಿದೆ ಎಂದರೆ ಮೊದಲು ರಾತ್ರಿ ಕುಡಿಸುವುದನ್ನು ನಿಧಾನವಾಗಿ ಬಿಡಿಸಿ, ಆರೆಂಟು ವಾರ ನೋಡಿ.

ದಿನದ ಲೆಕ್ಕ

ಬಿಟ್ಟ ಅಂಡ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಒಳಗೆ ಐದು ದಿನದವರೆಗೆ ಕಾಯಬಲ್ಲದು. ಆದ್ದರಿಂದ ಫಲ ಕೊಡುವ ದಿನಗಳು ಅಂಡ ಬಿಡುವ ದಿನ ಮತ್ತು ಅದಕ್ಕೆ ಹಿಂದಿನ ಐದು. "ಹದಿನಾಲ್ಕನೇ ದಿನ" ಎಂಬುದು 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಮಾತ್ರ. ಹಿಂದಿನಿಂದ ಎಣಿಸಬೇಕು: ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುತ್ತದೆ. ನಿಮ್ಮದು 31 ದಿನದ ಚಕ್ರವಾದರೆ ಸ್ರಾವ ಶುರುವಾದ ದಿನವನ್ನು 1 ಎಂದು ಹಿಡಿದು 17ನೇ ದಿನದ ಸುಮಾರಿಗೆ ಅಂಡ. ಕೂಡಬೇಕಾದ್ದು 12ರಿಂದ 17. ಹದಿನಾಲ್ಕನ್ನೇ ನಂಬಿ ಆ ಒಂದು ದಿನ ಕೂಡಿ, ಆಮೇಲೆ ಸುಮ್ಮನಾದವರು ಅತಿ ಒಳ್ಳೆಯ ಎರಡು ದಿನಗಳನ್ನು ಬಿಟ್ಟಂತೆ. ಮೊದಲ ಮಗುವಿನ ಮೊದಲು 28 ಇದ್ದ ಚಕ್ರ ಈಗ 31 ಆಗಿರಬಹುದು, ಹಾಗಾಗಿ ಹಳೆಯ ಲೆಕ್ಕ ಬಿಟ್ಟು ಕಳೆದ ನಾಲ್ಕು ತಿಂಗಳ ದಿನಾಂಕ ತೆಗೆದುಕೊಳ್ಳಿ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಓವ್ಯುಲೇಷನ್ ಪಟ್ಟಿ (ಅಂಡ ಬಿಡುವ ದಿನ ತಿಳಿಸುವ ಮೂತ್ರದ ಟೆಸ್ಟ್) ಬಳಸುವುದಾದರೆ ಚಕ್ರದ ದಿನಗಳಿಂದ 17 ಕಳೆಯಿರಿ. 31ಕ್ಕೆ 14ನೇ ದಿನದಿಂದ ಶುರು. ಬೆಳಗಿನ ಮೊದಲ ಮೂತ್ರ ಬೇಡ. ಅಂಡ ಬಿಡಿಸುವ ಎಲ್‌ಎಚ್ ಹಾರ್ಮೋನು ಸಾಮಾನ್ಯವಾಗಿ ಬೆಳಗಿನ ಜಾವ ಏರಿ, ಮೂತ್ರದಲ್ಲಿ ಕಾಣಲು ಕೆಲವು ಗಂಟೆ ಬೇಕು. ಮಧ್ಯಾಹ್ನದಿಂದ ಸಂಜೆಯೊಳಗೆ, ದಿನವೂ ಒಂದೇ ಹೊತ್ತಿಗೆ, ಅದಕ್ಕೆ ಮುಂಚಿನ ಎರಡು ಗಂಟೆ ನೀರು ಮಜ್ಜಿಗೆ ಹೆಚ್ಚು ಕುಡಿಯದೆ ನೋಡಿ. ಗರ್ಭದ ಟೆಸ್ಟಿನಲ್ಲಿ ಮಸುಕು ಗೆರೆಯೂ ಹೌದು ಎಂದರ್ಥ, ಇಲ್ಲಿ ಹಾಗಲ್ಲ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಹೌದು. ಪ್ಯಾಕೆಟ್ಟಿನ ಮೇಲೆ ಹೇಳಿದ ನಿಮಿಷಗಳೊಳಗೆ ಓದಿ, ಅರ್ಧ ಗಂಟೆ ಬಿಟ್ಟು ಕಾಣುವ ಗೆರೆಗೆ ಬೆಲೆಯಿಲ್ಲ. ಹೌದು ಎಂದು ಬಂದ ದಿನ ಮತ್ತು ಮರುದಿನ ಕೂಡಿ, ಅಂಡ 24ರಿಂದ 36 ಗಂಟೆಯೊಳಗೆ ಬಿಡುತ್ತದೆ. ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡದ ತೊಂದರೆ) ಇರುವವರಿಗೆ ಎಲ್‌ಎಚ್ ಮೊದಲೇ ಏರಿರುವುದರಿಂದ ಈ ಪಟ್ಟಿ ದಿನವೂ ಹೌದು ಎಂದು ಸುಳ್ಳು ಹೇಳಬಹುದು. ಅವರು ಇದಕ್ಕೆ ದುಡ್ಡು ಹಾಕದಿರುವುದೇ ಲೇಸು. ದುಡ್ಡಿಲ್ಲದ ಗುರುತೂ ಒಂದಿದೆ: ಹಸಿ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಹಿಗ್ಗುವ, ಜಾರುವ ಸ್ರಾವ ಕಂಡ ದಿನಗಳೇ ಫಲದ ದಿನಗಳು.

ಎರಡು ಸಣ್ಣ ತಪ್ಪುಗಳು. ಎಂಜಲು ಮತ್ತು ಅಂಗಡಿಯ ಸಾಮಾನ್ಯ ಜೆಲ್ಲಿ ವೀರ್ಯಾಣುವಿನ ಓಟ ತಗ್ಗಿಸುತ್ತವೆ. ಇನ್ನೊಂದು, ಬೆನ್ನುನೋವಿಗೆಂದು ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ಆ ದಿನಗಳಲ್ಲಿ ದಿನವೂ ನುಂಗಿದರೆ ಅಂಡದ ಕೋಶ ಒಡೆಯದೇ ಉಳಿಯಬಹುದು. ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು.

ಗಂಡನ ಪರೀಕ್ಷೆ ಮೊದಲು

ಇದನ್ನು ಮುಂದೂಡುವಷ್ಟು ದೊಡ್ಡ ತಪ್ಪು ಬೇರೆ ಇಲ್ಲ. "ನನಗೆ ಮಗುವಾಗಿದೆಯಲ್ಲ" ಎಂಬ ವಾದ ನಿಲ್ಲುವುದಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಐದು ವರ್ಷದ ಹಿಂದಿನ ಮಗು ಐದು ವರ್ಷದ ಹಿಂದಿನ ಬೆಳೆ. ವೃಷಣದ ರಕ್ತನಾಳಗಳು ಊದುವ ವೆರಿಕೋಸೀಲ್ ಕಾಲ ಕಳೆದಂತೆ ಕೆಡುಕು ಹೆಚ್ಚಿಸುತ್ತದೆ, ಒಂದು ಮಗುವಾದ ಮೇಲೆ ಎರಡನೆಯದಕ್ಕೆ ಕಷ್ಟಪಡುವ ಗಂಡಸರಲ್ಲಿ ಇದು ಮತ್ತೆಮತ್ತೆ ಕಾಣುವ ಕಾರಣ. ಸಕ್ಕರೆ ಕಾಯಿಲೆ ಬಂದವರಲ್ಲಿ ವೀರ್ಯ ಹಿಮ್ಮುಖವಾಗಿ ಮೂತ್ರಕೋಶಕ್ಕೆ ಹೋಗಬಹುದು. ತಂದೂರಿ ಒಲೆ, ಬಾಯ್ಲರ್, ಎಂಜಿನ್ ಮೇಲಿನ ಸೀಟು, ತೊಡೆಯ ಮೇಲೆ ಲ್ಯಾಪ್‌ಟಾಪ್, ಹೀಗೆ ಬಿಸಿಯಲ್ಲಿ ಕಳೆಯುವ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಗುಟ್ಕಾ, ಬೀಡಿ, ಸಿಗರೇಟು ಹೇಳಬೇಕಿಲ್ಲ. ಜಿಮ್ಮಿನಲ್ಲಿ ಮಾಂಸಖಂಡಕ್ಕೆಂದು ಕೊಡುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ವೀರ್ಯಾಣುಗಳ ಸಂಖ್ಯೆಯನ್ನು ಸೊನ್ನೆಗೆ ಇಳಿಸಬಲ್ಲದು, ನಿಲ್ಲಿಸಿದ ಮೇಲೂ ಚೇತರಿಸಲು ಹಲವು ತಿಂಗಳು. ಗಂಡಸುತನಕ್ಕೆಂದು ತೆಗೆದುಕೊಳ್ಳುವ ಈ ಔಷಧಿ ಮಗುವಾಗುವ ದಾರಿಯನ್ನೇ ಮುಚ್ಚುತ್ತದೆಂದು ಅಲ್ಲಿ ಯಾರೂ ಹೇಳುವುದಿಲ್ಲ.

ಪರೀಕ್ಷೆಗೆ ಮೊದಲು 2ರಿಂದ 7 ದಿನ ವೀರ್ಯ ಹೋಗಿರಬಾರದು. ಒಂದೇ ದಿನವಾದರೆ ಸಂಖ್ಯೆ ಇಳಿಯುತ್ತದೆ, ಹದಿನೈದು ದಿನವಾದರೆ ಸತ್ತವು ಹೆಚ್ಚುತ್ತವೆ. ಲ್ಯಾಬಿನಲ್ಲೇ ಮಾದರಿ ಕೊಡುವುದು ಒಳ್ಳೆಯದು. ಮನೆಯಲ್ಲಾದರೆ ಲ್ಯಾಬು ಕೊಟ್ಟ ಡಬ್ಬಿಯಲ್ಲೇ ಹಿಡಿದು, ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಂಡು, ಅರ್ಧ ಗಂಟೆಯಲ್ಲಿ, ತಡವೆಂದರೆ ಒಂದು ಗಂಟೆಯೊಳಗೆ ತಲುಪಿಸಬೇಕು. ಮೊದಲ ಹನಿಗಳು ಕೆಳಗೆ ಬಿದ್ದರೆ ಮುಚ್ಚಿಡದೆ ಹೇಳಿ, ಅತಿ ಹೆಚ್ಚು ವೀರ್ಯಾಣು ಇರುವುದು ಅದರಲ್ಲೇ. ಮಾಮೂಲಿ ಕಾಂಡೋಮಿನಲ್ಲಿ ಹಿಡಿದು ತರಬಾರದು. ಕಳೆದ ಮೂರು ತಿಂಗಳಲ್ಲಿ ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದಿದ್ದರೆ ಅದನ್ನೂ ಹೇಳಿ. ಆಗಿನ ವರದಿ ಕೆಟ್ಟದಾಗಿ ಬರುವುದು ಸಹಜ.

ವರದಿ ಓದಲು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿ, ಒಂದು ಮಿಲಿಯಲ್ಲಿ ವೀರ್ಯಾಣು 1.6 ಕೋಟಿ, ಒಟ್ಟು 3.9 ಕೋಟಿ, ಅಲುಗಾಡುವವು ಶೇ. 42, ಮುಂದೆ ಸಾಗುವವು ಶೇ. 30, ಸರಿಯಾದ ಆಕಾರದವು ಶೇ. 4. ಆಕಾರ ಶೇ. 4 ಎಂಬುದನ್ನು ಕಂಡು "96 ಭಾಗ ಹಾಳು" ಎಂದು ಹೆದರುವವರಿದ್ದಾರೆ. ಆರೋಗ್ಯವಂತ ತಂದೆಯಂದಿರಲ್ಲೂ ಕೆಲವರಿಗೆ ಅಷ್ಟೇ ಇರುತ್ತದೆ. ಒಂದು ವರದಿ ಕೆಟ್ಟರೆ ತೀರ್ಪು ಕೊಡಬೇಡಿ, ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ. ಒಂದೂ ಇಲ್ಲ ಎಂದು ಬಂದರೆ ಮಾತ್ರ ಕಾಯದೆ ಕೂಡಲೇ ಯುರಾಲಜಿ (ಮೂತ್ರಾಂಗ) ಅಥವಾ ಆಂಡ್ರಾಲಜಿ (ಗಂಡಸರ ಬಂಜೆತನ) ಡಾಕ್ಟರನ್ನು ಕಾಣಬೇಕು.

ಹೆಂಡತಿಯ ಪರೀಕ್ಷೆಗಳು, ದಿನಕ್ಕೆ ತಕ್ಕಂತೆ

ತಪ್ಪು ದಿನ ರಕ್ತ ಕೊಟ್ಟರೆ ಸರಿಯಾದ ಲ್ಯಾಬಿನಿಂದಲೂ ತಪ್ಪು ಅರ್ಥವೇ ಹೊರಡುತ್ತದೆ. ಮುಟ್ಟಿನ 2 ಅಥವಾ 3ನೇ ದಿನ ಅಂಡಕ್ಕೆ ಸಂಬಂಧಿಸಿದ ಹಾರ್ಮೋನುಗಳಾದ ಎಫ್‌ಎಸ್‌ಎಚ್, ಎಲ್‌ಎಚ್, ಎಸ್ಟ್ರಡಯಾಲ್. ಥೈರಾಯ್ಡಿನ ಟಿಎಸ್‌ಎಚ್ ಮತ್ತು ಎಎಂಎಚ್ ಯಾವ ದಿನವಾದರೂ ಸರಿ. ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಹೊಸದಾಗಿ ಕೆಡುವುದು ಅಪರೂಪವಲ್ಲ, ಹಾಗಾಗಿ "ಬಸುರಿಯಿದ್ದಾಗ ನಾರ್ಮಲ್ ಇತ್ತು" ಎಂದು ಬಿಡಬೇಡಿ.

ಪ್ರೊಲ್ಯಾಕ್ಟಿನ್‌ಗೆ ಬೆಳಿಗ್ಗೆ ಎದ್ದು ಎರಡು ಮೂರು ಗಂಟೆ ಕಳೆದ ಮೇಲೆ, ಖಾಲಿ ಹೊಟ್ಟೆಯಲ್ಲಿ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ರಕ್ತ ಕೊಡಬೇಕು. ಮಗುವಿಗೆ ಹಾಲು ಕುಡಿಸಿ ಬಂದು ಕೊಟ್ಟರೆ ಏರಿಯೇ ಇರುತ್ತದೆ. ಹೊಟ್ಟೆಯುಬ್ಬರಕ್ಕೆ, ಆಸಿಡಿಟಿಗೆ ನುಂಗುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಅಥವಾ ಲೆವೋಸಲ್ಪಿರೈಡ್ ಸೇರಿರುತ್ತದೆ. ಇವು ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿ. ತಿಂಗಳುಗಟ್ಟಲೆ ನುಂಗುತ್ತಿದ್ದರೆ ಅದನ್ನು ಬದಲಿಸುವುದರಿಂದಲೇ ಮುಟ್ಟು ಸರಿಹೋಗುವುದುಂಟು, ತಲೆಯ ಸ್ಕ್ಯಾನ್‌ವರೆಗೆ ಹೋಗುವ ಖರ್ಚೂ ಉಳಿಯುತ್ತದೆ.

"21ನೇ ದಿನದ ಪ್ರೊಜೆಸ್ಟೆರಾನ್" 28 ದಿನದವರಿಗೆ ಮಾತ್ರ 21ನೇ ದಿನ. ಅಂಡ ಬಿಟ್ಟ ಮೇಲೆ ಏರುವ ಈ ಹಾರ್ಮೋನನ್ನು ಮುಂದಿನ ಮುಟ್ಟಿಗೆ 7 ದಿನ ಮೊದಲು ನೋಡಬೇಕು. 31 ದಿನದವರಿಗೆ 24ನೇ ದಿನ. ಒಂದು ಮಿಲಿಗೆ 3 ನ್ಯಾನೋಗ್ರಾಂಗಿಂತ ಹೆಚ್ಚು ಬಂದರೆ ಆ ತಿಂಗಳು ಅಂಡ ಬಿಟ್ಟಿದೆ.

ಎಎಂಎಚ್ ಬಗ್ಗೆ ಒಂದು ಮಾತು. ಅದು ಉಳಿದಿರುವ ಅಂಡಗಳ ಸಂಖ್ಯೆಯ ಅಂದಾಜು, ಗುಣದ ಅಳತೆಯಲ್ಲ. ಮುಟ್ಟು ಕ್ರಮವಾಗಿರುವ 30ರ ಹೆಣ್ಣಿಗೆ ಎಎಂಎಚ್ ಕಡಿಮೆ ಎಂದ ಮಾತ್ರಕ್ಕೆ ಸಹಜವಾಗಿ ಗರ್ಭ ನಿಲ್ಲುವುದಿಲ್ಲವೆಂದಲ್ಲ. ಆ ಒಂದು ಅಂಕಿ ತೋರಿಸಿ ನಾಳೆಯೇ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶದಲ್ಲಿಡುವುದು) ಎನ್ನುವ ಕಡೆ ಎರಡನೇ ಅಭಿಪ್ರಾಯ ಪಡೆಯಿರಿ. ಅಂಡದ ಗುಣ ನಿಂತಿರುವುದು ವಯಸ್ಸಿನ ಮೇಲೆ: 30ರಲ್ಲಿ ತಿಂಗಳಿಗೆ ಸುಮಾರು ಶೇ. 20 ಇರುವ ಅವಕಾಶ 40ರಲ್ಲಿ ಶೇ. 5ಕ್ಕಿಂತ ಕೆಳಗೆ ಇಳಿಯುತ್ತದೆ. 29ಕ್ಕೆ ಮೊದಲನೆಯದಾಗಿ, ಮನೆಯ ಸಾಲ ತೀರಲಿ ಎಂದು 37ಕ್ಕೆ ಎರಡನೆಯದಕ್ಕೆ ಹೊರಟವರಿಗೆ ಬೇರೆ ಯಾವ ಕಾರಣವೂ ಬೇಕಿಲ್ಲ.

ಟ್ಯೂಬು ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ, ಅಂದರೆ ಗರ್ಭಕೋಶದೊಳಗೆ ದ್ರವ ಹಾಯಿಸಿ ತೆಗೆಯುವ ಎಕ್ಸ್-ರೇ, ಮುಟ್ಟು ನಿಂತ ಮೇಲೆ, ಅಂಡ ಬಿಡುವ ಮೊದಲು, ಸಾಮಾನ್ಯವಾಗಿ 6ರಿಂದ 10ನೇ ದಿನದೊಳಗೆ. ಮುಟ್ಟಾದ ದಿನದಿಂದ ಪರೀಕ್ಷೆಯವರೆಗೆ ಕೂಡಬಾರದು. ಡಾಕ್ಟರು ಹೇಳಿದ ನೋವಿನ ಮಾತ್ರೆಯನ್ನು ಒಂದು ಗಂಟೆ ಮೊದಲು ನುಂಗಿ. ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಹೋಗುವಾಗ ಪ್ಯಾಡು ಒಯ್ಯಿರಿ, ಜೊತೆಗೆ ಒಬ್ಬರಿರಲಿ. ಗರ್ಭಕೋಶಕ್ಕೆ ತಾಗಿದ ತುದಿಯಲ್ಲೇ "ಬ್ಲಾಕ್" ಎಂದು ಬಂದರೆ ಅದು ಕೆಲವೊಮ್ಮೆ ನೋವಿಗೆ ಸ್ನಾಯು ಬಿಗಿಹಿಡಿದದ್ದಷ್ಟೇ. ಆಪರೇಷನ್‌ಗೆ ಒಪ್ಪುವ ಮೊದಲು ಮತ್ತೊಮ್ಮೆ ಖಚಿತ ಮಾಡಿಕೊಳ್ಳಬೇಕು. ಪರೀಕ್ಷೆಯಾದ ಎರಡು ದಿನದಲ್ಲಿ ಜ್ವರ, ಹೆಚ್ಚುತ್ತಾ ಹೋಗುವ ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ.

ಎರಡೂ ಟ್ಯೂಬು ಹಾಳಾಗಿವೆ, ನಂಜಿನ ಹಿನ್ನೆಲೆಯೂ ಇಲ್ಲ ಎಂದರೆ ನಮ್ಮ ದೇಶದಲ್ಲಿ ಕ್ಷಯವನ್ನು ನೆನೆಯಲೇಬೇಕು. ಕೆಮ್ಮು ಇಲ್ಲದೆಯೂ ಕ್ಷಯ ಟ್ಯೂಬಿನಲ್ಲಿ ಕೂರುತ್ತದೆ. ಗರ್ಭಕೋಶದ ಒಳಪದರದ ತುಣುಕು ತೆಗೆದು ಕಲ್ಚರ್, ಜೀನ್-ಎಕ್ಸ್‌ಪರ್ಟ್, ಬಯಾಪ್ಸಿಗೆ ಕಳಿಸುತ್ತಾರೆ. ಕೇವಲ ಪಿಸಿಆರ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಪಾಸಿಟಿವ್ ಎಂದು ಆರು ತಿಂಗಳ ಮಾತ್ರೆ ಶುರುಮಾಡುವುದು ಸರಿಯಲ್ಲ, ಸತ್ತ ರೋಗಾಣುವಿನ ಚೂರಿಗೂ ಅದು ಪಾಸಿಟಿವ್ ಬರುತ್ತದೆ. ನಿಜವಾಗಿ ಕ್ಷಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಚಿಕಿತ್ಸೆ ಯಾವ ಮೆಟ್ಟಿಲಿನಿಂದ

ತೂಕ ಹೆಚ್ಚಿದ್ದು ಮುಟ್ಟು ತಪ್ಪುತ್ತಿದ್ದರೆ ಮೊದಲ ಔಷಧಿ ತೂಕ ಇಳಿಸುವುದೇ. ಬಾಣಂತನದಲ್ಲಿ ಏರಿದ 12 ಕಿಲೋದಲ್ಲಿ 4–5 ಕಿಲೋ ಇಳಿದರೂ, ಅಂದರೆ ದೇಹತೂಕದ ಶೇ. 5ರಿಂದ 10, ಪಿಸಿಓಎಸ್ ಇರುವ ಎಷ್ಟೋ ಮಂದಿಗೆ ಅಂಡ ಬಿಡುವುದು ಮರಳುತ್ತದೆ. ಜೊತೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿಂದ. ಸಕ್ಕರೆ ಕಾಯಿಲೆ ಇದ್ದರೆ, ಮೂರ್ಛೆರೋಗದ ಮಾತ್ರೆ ನುಂಗುತ್ತಿದ್ದರೆ, ಮೊದಲ ಮಗುವಿಗೆ ಬೆನ್ನುಹುರಿಯ ದೋಷವಿದ್ದರೆ 5 ಮಿಲಿಗ್ರಾಂ.

ಅಂಡ ಬಿಡದವರಿಗೆ ಅಂಡ ಬೆಳೆಸುವ ಮಾತ್ರೆ ಲೆಟ್ರೊಜೋಲ್ 2.5 ಮಿಲಿಗ್ರಾಂ, 2 ಅಥವಾ 3ನೇ ದಿನದಿಂದ ಐದು ದಿನ. ಫಲ ಕಾಣದಿದ್ದರೆ ಮುಂದಿನ ತಿಂಗಳು 5, ಆಮೇಲೆ 7.5. ಈ ಮಾತ್ರೆಯನ್ನು ಬಂಜೆತನಕ್ಕೆ ಬಳಸಬಾರದೆಂದು ಭಾರತದಲ್ಲಿ 2011ರಲ್ಲಿ ನಿಷೇಧಿಸಿ 2017ರಲ್ಲಿ ನಿಷೇಧ ತೆಗೆದರು, ಹಳೆಯ ಸುದ್ದಿ ಓದಿ ಈಗ ಗಾಬರಿಯಾಗಬೇಕಿಲ್ಲ. ಮಾತ್ರೆ ನುಂಗಿ ಸುಮ್ಮನಿರುವುದಲ್ಲ: 9–10ನೇ ದಿನದಿಂದ ಸ್ಕ್ಯಾನಿಂಗಿನಲ್ಲಿ ಕೋಶ ಬೆಳೆಯುವುದನ್ನು ನೋಡಿ, 18–20 ಮಿಲಿಮೀಟರ್ ಆದಾಗ ಒಡೆಯುವ ಚುಚ್ಚುಮದ್ದು, ಸುಮಾರು 36 ಗಂಟೆಗೆ ಅಂಡ. ಆ ಚುಚ್ಚುಮದ್ದಿನ ಹಾರ್ಮೋನೇ ಗರ್ಭದ ಟೆಸ್ಟಿನಲ್ಲೂ ಕಾಣುವುದರಿಂದ ಎರಡು ವಾರದೊಳಗೆ ಮನೆಯಲ್ಲಿ ಟೆಸ್ಟ್ ಮಾಡಿ ಸಂಭ್ರಮಿಸಬೇಡಿ. ಗೆಳತಿಗೆ ಬರೆದ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದು ನುಂಗುವುದು ಅಪಾಯ. ಗರ್ಭ ನಿಂತದ್ದು ತಿಳಿಯದೆ ನುಂಗಿದರೆ ಮಗುವಿಗೇ ತೊಂದರೆ.

ಕನಿಷ್ಠ ಒಂದು ಟ್ಯೂಬು ತೆರೆದಿದ್ದು, ವೀರ್ಯದ ದೋಷ ಸಣ್ಣದಾಗಿದ್ದರೆ ಐಯುಐ, ಅಂದರೆ ವೀರ್ಯವನ್ನು ನಳಿಕೆಯಿಂದ ನೇರ ಗರ್ಭಕೋಶಕ್ಕೆ ಬಿಡುವುದು. ಮೂರು ನಾಲ್ಕು ಸಲದಲ್ಲಿ ಆಗದಿದ್ದರೆ ಹತ್ತನೆಯ ಸಲಕ್ಕೆ ಆಗುತ್ತದೆಂದು ಹೋಗುವುದರಲ್ಲಿ ಅರ್ಥವಿಲ್ಲ. ಎರಡೂ ಟ್ಯೂಬು ಮುಚ್ಚಿದವರಿಗೆ ಐಯುಐ ಮಾಡುವುದಂತೂ ಬರೀ ದುಡ್ಡು ದಂಡ. ಅವರಿಗೆ ಐವಿಎಫ್. ಟ್ಯೂಬಿನಲ್ಲಿ ನೀರು ತುಂಬಿ ಊದಿದ್ದರೆ ಐವಿಎಫ್‌ಗೆ ಮೊದಲೇ ಅದನ್ನು ತೆಗೆಯಬೇಕು ಅಥವಾ ಕ್ಲಿಪ್ ಹಾಕಬೇಕು, ಇಲ್ಲವಾದರೆ ಆ ನೀರು ಗರ್ಭಕೋಶಕ್ಕೆ ಇಳಿದು ಐವಿಎಫ್ ಫಲ ಅರ್ಧಕ್ಕಿಳಿಯುತ್ತದೆ. ಈ ಪ್ರಶ್ನೆಯನ್ನು ನೀವೇ ಕೇಳಿ.

ಸಂತಾನಹರಣ ಆಪರೇಷನ್ ಮಾಡಿಸಿಕೊಂಡು, ಮಗುವನ್ನು ಕಳೆದುಕೊಂಡೋ ಮರುಮದುವೆಯಾಗಿಯೋ ಮತ್ತೆ ಬಯಸುವವರಿದ್ದಾರೆ. ಉಂಗುರ ಅಥವಾ ಕ್ಲಿಪ್ ಹಾಕಿದ್ದರೆ, ಸಾಕಷ್ಟು ಉದ್ದ ಟ್ಯೂಬು ಉಳಿದಿದ್ದರೆ ಮರುಜೋಡಣೆಗೆ ಒಳ್ಳೆಯ ಅವಕಾಶವಿದೆ. ಹೊರಡುವ ಮೊದಲು ಹಳೆಯ ಆಪರೇಷನ್ ಟಿಪ್ಪಣಿ ಮತ್ತು ಗಂಡನ ವೀರ್ಯದ ವರದಿ ಕೈಯಲ್ಲಿರಲಿ.

ಕಾನೂನಿನ ಗೆರೆ

2021ರ ಎಆರ್‌ಟಿ (ಸಂತಾನ ನೆರವಿನ ತಂತ್ರಜ್ಞಾನ) ಕಾಯ್ದೆಯಂತೆ ಐವಿಎಫ್‌ನಂಥ ಸೇವೆಗೆ ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯಸ್ಸು, ಕ್ಲಿನಿಕ್ ನೋಂದಣಿಯಾಗಿರಲೇಬೇಕು. ಬಾಡಿಗೆ ತಾಯ್ತನದ ದಾರಿ ಬದುಕಿರುವ ಮಗು ಇರುವ ದಂಪತಿಗೆ ಸಾಮಾನ್ಯವಾಗಿ ಇಲ್ಲ, ಆ ಮಗುವಿಗೆ ಗಂಭೀರ ಅಂಗವೈಕಲ್ಯ ಅಥವಾ ಪ್ರಾಣಾಪಾಯದ ಕಾಯಿಲೆ ಇದ್ದಾಗ ಮಾತ್ರ ವಿನಾಯಿತಿ. ಮೊದಲನೆಯದು ಹೆಣ್ಣಾಗಿ "ಈ ಸಲ ಗಂಡೇ ಆಗಲಿ" ಎಂದು ಐವಿಎಫ್‌ಗೆ ಬರುವವರಿಗೆ: ಲಿಂಗ ಆಯ್ಕೆ ಗರ್ಭ ನಿಲ್ಲುವ ಮೊದಲೂ ಅಪರಾಧವೇ. ಅದನ್ನು ಮಾಡಿಕೊಡುತ್ತೇವೆಂದು ಪಿಸುಗುಟ್ಟುವ ಜಾಗದಲ್ಲಿ ಮಿಕ್ಕ ನಿಯಮಗಳನ್ನೂ ಪಾಲಿಸುವುದಿಲ್ಲವೆಂದು ತಿಳಿಯಿರಿ.

ಟೆಸ್ಟಿನಲ್ಲಿ ಎರಡು ಗೆರೆ ಬಂದ ಮೇಲೆ

ಮೊದಲ ಬಸಿರಿನಲ್ಲಿ ಮೂರು ತಿಂಗಳಿಗೆ ಆಸ್ಪತ್ರೆಗೆ ಹೋಗಿದ್ದರೂ ಈ ಸಲ ಹಾಗೆ ಮಾಡಬೇಡಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 6–7ನೇ ವಾರದಲ್ಲಿ ಯೋನಿಯ ಮೂಲಕ ಸ್ಕ್ಯಾನಿಂಗ್ ಆಗಬೇಕು. ನೋಡಬೇಕಾದ್ದು ಗರ್ಭ ಎಲ್ಲಿ ನಿಂತಿದೆ ಎಂಬುದನ್ನು: ಟ್ಯೂಬಿನಲ್ಲಿಯೋ, ಹಳೆಯ ಸಿಸೇರಿಯನ್ ಹೊಲಿಗೆಯ ಗುಳಿಯಲ್ಲಿಯೋ, ಗರ್ಭಕೋಶದ ಒಳಗೋ. ಹೊಲಿಗೆಯ ಗುಳಿಯಲ್ಲಿ ನಿಂತ ಗರ್ಭ ಬೇಗ ಗೊತ್ತಾದರೆ ಗರ್ಭಕೋಶ ಉಳಿಯುತ್ತದೆ, ತಡವಾದರೆ ಪ್ರಾಣಕ್ಕೇ ಕುತ್ತು. ಚೀಟಿಯಲ್ಲಿ "ಹಿಂದೆ ಸಿಸೇರಿಯನ್ ಆಗಿದೆ" ಎಂದು ಬರೆಸಿಕೊಂಡು ಸ್ಕ್ಯಾನಿಂಗಿಗೆ ಹೋಗಿ. ಆ ದಿನಕ್ಕೂ ಮೊದಲೇ ಒಂದು ಪಕ್ಕದ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಕಾಣಿಸಿಕೊಂಡರೆ ಅಪಾಯಿಂಟ್‌ಮೆಂಟ್ ಕಾಯದೆ, ಮಧ್ಯರಾತ್ರಿಯಾದರೂ, 108ಕ್ಕೆ ಕರೆ ಮಾಡಿ.